ಹಾರ್ಟಲ್‌ಪೂಲ್‌ನ ಕಟ್ಟೆಯಲ್ಲಿ ಮುಂಬೈಯ ಹಡಗು

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹಾರ್ಟಲ್‌ಪೂಲ್‌ನಲ್ಲಿ ಹಡಗು ನಿರ್ಮಾಣದ ಪರಂಪರೆಯನ್ನು ಸಾರುವ ಮ್ಯೂಸಿಯಂ ಆವರಣವನ್ನು ಹೊಸದಾಗಿಸುವ ಮಾತು ಬಂದರೆ ಒಂದು ತೊಡಕನ್ನು ಬದಿಗಿಡುವಂತಿಲ್ಲ. ಅಲ್ಲಿಗೆ ಜನರನ್ನು ಸೆಳೆಯುವ ಹಡಗು, ಮರದ ಹಳೆಯ ಯುದ್ಧನೌಕೆ ಟ್ರಿಂಕೊಮಲಿ, ಆ ಊರಿನಲ್ಲಿ ಹುಟ್ಟಿದ್ದೇ ಅಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬಿಣ ಮತ್ತು ಉಕ್ಕಿನ ಹಡಗುಗಳಿಂದ ಬೆಳೆದ ಈ ಊರಿನ ಉದ್ಯಮ, 1962ರಲ್ಲಿ ವಿಲಿಯಂ ಗ್ರೇ ಕಂಪನಿಯ ಶಿಪ್‌ಯಾರ್ಡ್ ಮುಚ್ಚುವುದರೊಂದಿಗೆ ಕೊನೆಗಂಡಿತು. ಆದರೆ ಕೈಗಳಲ್ಲಿದ್ದ ಕಸುಬು ಉಳಿದಿತ್ತು. ತೈಲ ತುಂಬುವ ಕಟ್ಟೆಯಾಗಿ ಸವೆದುಹೋಗಿದ್ದ ಯುದ್ಧನೌಕೆ ವಾರಿಯರ್ 1979ರಲ್ಲಿ ಇಲ್ಲಿಗೆ ಬಂದು, ಎಂಟು ವರ್ಷಗಳ ದುರಸ್ತಿಯ ಬಳಿಕ ಪೋರ್ಟ್ಸ್‌ಮತ್‌ಗೆ ಹೊರಟಿತು. ಅದೇ 1987ರಲ್ಲಿ ಅದರ ಜಾಗ ತುಂಬಲು ಬಂದದ್ದು ಟ್ರಿಂಕೊಮಲಿ.

ಇದರ ಜಾತಕ ಮುಂಬೈಯದು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಬ್ರಿಟನ್ನಿನಲ್ಲಿ ಓಕ್ ಮರಕ್ಕೆ ಬರ ಬಂದಾಗ ನೌಕಾಪಡೆಯ ಕಣ್ಣು ಮುಂಬೈಯ ಡಾಕ್‌ಯಾರ್ಡ್‌ನ ಮೇಲೆ ಬಿತ್ತು. ಅಲ್ಲಿ ಕಟ್ಟಬೇಕಿದ್ದ ಟ್ರಿಂಕೊಮಲಿಯ ನಕ್ಷೆಗಳನ್ನು ಹೊತ್ತು ಬರುತ್ತಿದ್ದ ಜಾವಾ ನೌಕೆ 1812ರಲ್ಲಿ ಅಮೆರಿಕನ್ನರ ಕೈಗೆ ಸಿಕ್ಕಿದ್ದರಿಂದ ಮತ್ತೊಂದು ಪ್ರತಿಯನ್ನು ಕಳಿಸಬೇಕಾಯಿತು. 1816ರಲ್ಲಿ ಪಾರ್ಸಿ ಸಂಪ್ರದಾಯದಂತೆ ಅಡಿಮರಕ್ಕೆ ಬೆಳ್ಳಿಯ ಮೊಳೆಯೊಂದನ್ನು ಹೊಡೆದು ಕೆಲಸ ಆರಂಭಿಸಿದವರು ಆ ಡಾಕ್‌ಯಾರ್ಡ್‌ನ ಮುಖ್ಯ ಹಡಗು ನಿರ್ಮಾಪಕ ಜಮ್ಶೆಟ್‌ಜೀ ಬೊಮನ್‌ಜೀ ವಾಡಿಯಾ. ಮಲಬಾರಿನ ತೇಗದ ಆ ನೌಕೆ 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಹಾಗಾಗಿ ಅದು ಮೊದಲ ಹಲವು ವರ್ಷಗಳನ್ನು ಕೆಲಸವಿಲ್ಲದೆ ಕಳೆಯಿತು. ಉಳಿಯಲು ಅದೂ ಒಂದು ಕಾರಣವಿರಬಹುದು.

1990ರಿಂದ 2001ರವರೆಗೆ ಹಾರ್ಟಲ್‌ಪೂಲ್‌ನ ಕೆಲಸಗಾರರು ಅದನ್ನು ಬಿಚ್ಚಿ ಕಟ್ಟಿದರು. ಒಡಲಿನ ಅರ್ಧಕ್ಕಿಂತ ಹೆಚ್ಚಿನ ಮರ ಇಂದಿಗೂ ಮೂಲದ್ದೇ. ಓಕ್‌ನ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ, ತೇಗದ ಎಣ್ಣೆ ಅದನ್ನು ಕಾಯುತ್ತದೆ. ಸುತ್ತಲಿನ ಮ್ಯೂಸಿಯಂ 2016ರಲ್ಲಿ ರಾಯಲ್ ನೇವಿಯ ರಾಷ್ಟ್ರೀಯ ಮ್ಯೂಸಿಯಂನ ಆಡಳಿತಕ್ಕೆ ಸೇರಿತು. ಫಲಕಗಳ ಮೇಲೆ ಫಿರಂಗಿ ಮತ್ತು ನಾವಿಕರಿಗೆ ಸಲ್ಲುವ ಪ್ರಾಶಸ್ತ್ಯಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಬಡಗಿಗಳ ಕಥೆ, ಅದು ಮುಂಬೈಯದಿರಲಿ ಹಾರ್ಟಲ್‌ಪೂಲ್‌ನದಿರಲಿ, ಇನ್ನಷ್ಟು ಜಾಗ ಬೇಡುತ್ತದೆ.

ಊರಿನದೇ ಆದ ಹಡಗೊಂದು ಅಲ್ಲಿ ಇಲ್ಲದಿಲ್ಲ. ಗ್ರೇ ಕಂಪನಿ 1934ರಲ್ಲಿ ಕಟ್ಟಿದ ಕಲ್ಲಿದ್ದಲಿನಿಂದ ಓಡುವ, ಚಕ್ರಗಳಿಂದ ನೀರು ತಳ್ಳುವ ಪ್ಯಾಡಲ್ ಸ್ಟೀಮರ್ ವಿಂಗ್‌ಫೀಲ್ಡ್ ಕ್ಯಾಸಲ್, ಹಂಬರ್ ನದೀಮುಖದಲ್ಲಿ ನಾಲ್ಕು ದಶಕ ಜನರನ್ನು ದಾಟಿಸಿ, 1986ರಲ್ಲಿ ತವರಿಗೆ ಮರಳಿತು. ಅದರ ಜೊತೆಯಲ್ಲೇ ಹುಟ್ಟಿದ ಟ್ಯಾಟರ್‌ಶಲ್ ಕ್ಯಾಸಲ್ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಊಟ, ಪಾನೀಯ ಮಾರುವ ಹಡಗಾಗಿ ಬದುಕು ಕಂಡುಕೊಂಡಿತು. ವಿಂಗ್‌ಫೀಲ್ಡ್ ಕ್ಯಾಸಲ್‌ಗೆ ಕದನದ ಕಥೆಯಿಲ್ಲ, ಬೆಳ್ಳಿಯ ಮೊಳೆಯಿಲ್ಲ, ತೇಗದ ಎಣ್ಣೆಯ ರಕ್ಷೆಯೂ ಇಲ್ಲ. ಉಪ್ಪುನೀರಿನಲ್ಲಿ ನಿಂತ ಉಕ್ಕಿನ ಒಡಲು ಅದರದು. ನವೀಕರಣದ ಹಣವನ್ನು ಹಂಚುವವರು ಯಾರೇ ಆಗಲಿ, ತುಕ್ಕು ಅವರ ಸಭೆಗಾಗಿ ಕಾಯುವುದಿಲ್ಲ.