ಎಣ್ಣೆಗೆ ಹತ್ತದ ಹುಳಿ

ವಿಜಯಪುರ ಜಿಲ್ಲೆಯ ಇಂಡಿ ಊರಿನ ನಿಂಬೆಹಣ್ಣಿನ ಉಪ್ಪಿನಕಾಯಿ ಹಳತಾದ ಮೇಲೆ, ಭರಣಿಯಲ್ಲಿ ಮೇಲೆ ನಿಂತ ಒಗ್ಗರಣೆ ಎಣ್ಣೆಯನ್ನಷ್ಟೇ ಚಮಚದ ತುದಿಯಲ್ಲಿ ತೆಗೆದು ನಾಲಿಗೆಗೆ ಹಚ್ಚಿ ನೋಡಿ. ಮೆಣಸಿನಕಾಯಿಯ ಕೆಂಪು ಅದರಲ್ಲಿದೆ, ಖಾರ ಇದೆ, ಇಂಗಿನ ಘಾಟೂ ಇದೆ. ಹುಳಿ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ತಿಂಗಳುಗಟ್ಟಲೆ ಒಂದೇ ಭರಣಿಯಲ್ಲಿದ್ದರೂ ಹುಳಿಯೆಲ್ಲ ಕೆಳಗಿನ ರಸದಲ್ಲೇ ಉಳಿದಿರುತ್ತದೆ.

ನಿಂಬೆಯ ಹುಳಿಗೆ ಕಾರಣವಾದ ಸಿಟ್ರಿಕ್ ಆಮ್ಲದ ಒಂದೊಂದು ಅಣುವಿನಲ್ಲೂ ಆಮ್ಲದ ಗುಣ ಕೊಡುವ ಮೂರು ಕಾರ್ಬಾಕ್ಸಿಲ್ ಗುಂಪುಗಳಿವೆ, ಜೊತೆಗೊಂದು ಹೈಡ್ರಾಕ್ಸಿಲ್ ಗುಂಪು. ಈ ನಾಲ್ಕಕ್ಕೂ ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ ಅಂಟಿಕೊಂಡಿರುತ್ತವೆ. ಎಣ್ಣೆಗೆ ಹೋಗಬೇಕೆಂದರೆ ಆ ನಂಟನ್ನೆಲ್ಲ ಕಡಿದುಕೊಳ್ಳಬೇಕು. ಬದಲಿಗೆ ಕೊಡುವಂಥದ್ದು ಎಣ್ಣೆಯ ಹತ್ತಿರ ಏನೂ ಇಲ್ಲ. ಖಾರದ ಕ್ಯಾಪ್ಸೈಸಿನ್‌ಗೆ ಉದ್ದನೆಯ ಇಂಗಾಲದ ಬಾಲ ಇರುವುದರಿಂದ ಅದರ ಒಲವು ಎಣ್ಣೆಯ ಕಡೆಗೇ.

ಭರಣಿಯಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಕಾರ್ಖಾನೆಯಲ್ಲಿ ಇದೇ ದೊಡ್ಡ ತಾಪತ್ರಯ. ಗೋಕಾಕ, ಅಥಣಿ, ಮುಧೋಳ, ಜಮಖಂಡಿ ಸೀಮೆಯ ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದ ಸ್ಪಿರಿಟ್, ಎಥೆನಾಲ್ ತೆಗೆಯುವುದು ನಮಗೆಲ್ಲ ಗೊತ್ತು. ಅದೇ ಕಾಕಂಬಿಯನ್ನು ಯೀಸ್ಟಿನ ಬದಲು ಬ್ಯಾಕ್ಟೀರಿಯಾಗಳಿಗೆ ಉಣಿಸಿದರೆ ಲ್ಯಾಕ್ಟಿಕ್ ಆಮ್ಲ ಸಿಗುತ್ತದೆ. ಮೊಸರನ್ನು ಹುಳಿ ಮಾಡುವುದು ಇದೇ ಆಮ್ಲ. ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್ ಎಂದು ಹೆಸರಾದ ಪಿಎಲ್‌ಎಗೂ ಇದೇ ಮೂಲ. ಎಥೆನಾಲ್ ಆದರೆ 78 ಡಿಗ್ರಿಗೆ ಕುದಿದು ಆವಿಯಾಗಿ ತಾನೇ ಹೊರಗೆ ಬರುತ್ತದೆ. ಲ್ಯಾಕ್ಟಿಕ್ ಆಮ್ಲ ಹಾಗಲ್ಲ, ಅದೂ ಸಿಟ್ರಿಕ್ ಆಮ್ಲದಂತೆ ನೀರಿಗೇ ಅಂಟಿಕೊಂಡಿರುತ್ತದೆ. ನೀರನ್ನು ಓಡಿಸಲೆಂದು ಕಾಯಿಸುತ್ತ ಹೋದರೆ ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡುಬಿಡುತ್ತವೆ.

ಹಳೆಯ ದಾರಿ ಸುಣ್ಣದ್ದು. 1784ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ಶೀಲೆ ನಿಂಬೆರಸದಿಂದ ಸಿಟ್ರಿಕ್ ಆಮ್ಲ ಬೇರ್ಪಡಿಸಿದ್ದು ಹೀಗೆಯೇ: ಸುಣ್ಣದಿಂದ ಆಮ್ಲವನ್ನು ಗಸಿಯಾಗಿ ಇಳಿಸಿ, ಆಮೇಲೆ ಗಂಧಕಾಮ್ಲ ಹಾಕಿ ಬಿಡಿಸುವುದು. ಸುಣ್ಣದಕಲ್ಲಿಗೆ ಬಾಗಲಕೋಟೆಯಲ್ಲಿ ಬರವಿಲ್ಲ. ಆದರೆ ಲ್ಯಾಕ್ಟಿಕ್ ಆಮ್ಲವನ್ನು ಹೀಗೆ ತೆಗೆದರೆ ಒಂದು ಟನ್ನಿಗೆ ಹೆಚ್ಚುಕಡಿಮೆ ಒಂದು ಟನ್ ಜಿಪ್ಸಮ್ ಗುಡ್ಡೆ ಬೀಳುತ್ತದೆ.

ಇನ್ನೊಂದು ದಾರಿ, ಎಣ್ಣೆಯಂಥ ದ್ರಾವಕಕ್ಕೇ ಆಮ್ಲವನ್ನು ಹಿಡಿಯುವ ಶಕ್ತಿ ಕೊಡುವುದು. ಟ್ರೈಬ್ಯುಟೈಲ್ ಫಾಸ್ಫೇಟ್ ಎಂಬ ರಾಸಾಯನಿಕ ಬೆರೆಸಿದರೆ ಅದರ ಆಕ್ಸಿಜನ್ ಆಮ್ಲದ ಹೈಡ್ರೋಜನ್ನನ್ನು ನೀರಿಗಿಂತ ಬಿಗಿಯಾಗಿ ಸೆಳೆಯುತ್ತದೆ. ಟ್ರೈಆಕ್ಟೈಲ್ ಅಮೀನ್ ಎಂಬ ಇನ್ನೊಂದು ರಾಸಾಯನಿಕ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ನೈಟ್ರೋಜನ್ ಆಮ್ಲದ ಪ್ರೋಟಾನನ್ನೇ, ಅಂದರೆ ಎಲೆಕ್ಟ್ರಾನ್ ಬಿಟ್ಟ ಹೈಡ್ರೋಜನ್ನನ್ನೇ, ಕಸಿದುಕೊಳ್ಳುತ್ತದೆ. ಆಗ ಧನ ಅಯಾನು, ಋಣ ಅಯಾನು ಎರಡೂ ಜೋಡಿಯಾಗಿ ನಿಲ್ಲುತ್ತವೆ; ನೈಟ್ರೋಜನ್ನಿನ ಸುತ್ತ ಇರುವ ಎಂಟೆಂಟು ಇಂಗಾಲದ ಮೂರು ಬಾಲಗಳು ಆ ಜೋಡಿಯನ್ನು ಎಣ್ಣೆಯೊಳಗೆ ಎಳೆದಿಟ್ಟುಕೊಳ್ಳುತ್ತವೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ರಾಸಾಯನಿಕ ಎಂಜಿನಿಯರ್ ಜಡ್ಸನ್ ಕಿಂಗ್ ಅವರ ತಂಡ ಅವಕೆಂಪು ಕಿರಣಗಳಿಂದ ಇಂಥ ದ್ರಾವಣಗಳನ್ನು ಪರೀಕ್ಷಿಸಿ 1990ರಲ್ಲಿ ಒಂದು ಸೊಗಸಾದ ಸಂಗತಿ ಹೇಳಿತು: ಎರಡನೆಯ ಆಮ್ಲದ ಅಣು ಬಂದರೆ ಅದು ಅಮೀನಿನ ಹತ್ತಿರ ಹೋಗುವುದಿಲ್ಲ, ಮೊದಲು ಬಂದ ಆಮ್ಲಕ್ಕೇ ಹೈಡ್ರೋಜನ್ ಬಂಧದಿಂದ ಜೋತುಬೀಳುತ್ತದೆ.

ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ವಿದ್ಯುದಂಶ ಹೊತ್ತ ಆ ಜೋಡಿಗೆ ಬರೀ ಸೀಮೆಎಣ್ಣೆಯಂಥ ದ್ರವದಲ್ಲಿ ಇರಲಾಗದು. ಅದು ಬೇರೆಯಾಗಿ, ಎಣ್ಣೆಗೂ ನೀರಿಗೂ ನಡುವೆ ಮಂದವಾದ ಮೂರನೆಯ ಪದರವಾಗಿ ಕೂತುಬಿಡುತ್ತದೆ. ಅದಕ್ಕೇ ಆಕ್ಟನಾಲ್‌ನಂಥ ಆಲ್ಕೊಹಾಲ್ ಬೆರೆಸುತ್ತಾರೆ. ಅದರ ಹೈಡ್ರಾಕ್ಸಿಲ್ ತುದಿ ಜೋಡಿಗೆ ಆಸರೆಯಾಗುತ್ತದೆ.

ಇನ್ನು ಬ್ಯಾಕ್ಟೀರಿಯಾದ ತಕರಾರು. ಅದಕ್ಕೆ ಪಿಎಚ್ (ಹುಳಿಯ ಅಳತೆ; ಇಳಿದಷ್ಟೂ ಹುಳಿ ಹೆಚ್ಚು) 5.5ರ ಆಸುಪಾಸು ಹಿತ. ಲ್ಯಾಕ್ಟಿಕ್ ಆಮ್ಲದ ಪಿಕೆಎ, ಅಂದರೆ ಅರ್ಧದಷ್ಟು ಅಣುಗಳು ಪ್ರೋಟಾನ್ ಬಿಟ್ಟುಕೊಟ್ಟಿರುವ ಪಿಎಚ್, 3.86. ಲೆಕ್ಕ ಹಾಕಿದರೆ, ಆ ಪಿಎಚ್‌ನಲ್ಲಿ ನೂರರಲ್ಲಿ ಎರಡೇ ಅಣುಗಳು ತಮ್ಮ ಪ್ರೋಟಾನ್ ಉಳಿಸಿಕೊಂಡಿರುತ್ತವೆ. ಉಳಿದವು ಆಗಲೇ ಅದನ್ನು ನೀರಿಗೆ ಬಿಟ್ಟುಕೊಟ್ಟಿರುತ್ತವೆ. ಪ್ರೋಟಾನೇ ಇಲ್ಲದ ಮೇಲೆ ಫಾಸ್ಫೇಟ್ ಸೆಳೆಯುವುದೇನನ್ನು, ಅಮೀನ್ ಕಸಿಯುವುದೇನನ್ನು? ಗಂಧಕಾಮ್ಲ ಹಾಕಿ ಪಿಎಚ್ ಇಳಿಸಬಹುದು. ಆದರೆ ಉಪ್ಪಿನ ಗುಡ್ಡೆ ಮತ್ತೆ ಹಿಂಬಾಗಿಲಿನಿಂದ ಬಂತೆಂದೇ ಅರ್ಥ.

ನನ್ನನ್ನು ಕೇಳಿದರೆ, ಈ ವಿಷಯದ ಮಾತುಕತೆಯಲ್ಲಿ ಎಲ್ಲರೂ ದ್ರಾವಕ ಎಷ್ಟು ಹಿಡಿಯಿತು ಅನ್ನುವುದಕ್ಕೇ ಹೆಚ್ಚು ಬೆಲೆ ಕೊಡುತ್ತಾರೆ. ಹಿಡಿದದ್ದನ್ನು ಬಿಡದಿದ್ದರೆ ಅದು ಯಾವ ಉಪಯೋಗಕ್ಕೆ? ಕಾಸ್ಟಿಕ್ ಸೋಡಾ ಹಾಕಿದರೆ ಅಮೀನ್ ತಟ್ಟನೆ ಬಿಡುತ್ತದೆ, ಆದರೆ ಕೈಗೆ ಸಿಗುವುದು ಆಮ್ಲವಲ್ಲ, ಅದರ ಲವಣ. ಇದಕ್ಕಿಂತ ಬಿಸಿನೀರಿನ ಉಪಾಯ ಲೇಸು. ಅಮೀನ್ ಆಮ್ಲವನ್ನು ಹಿಡಿಯುವಾಗ ಶಾಖ ಹೊರಬರುತ್ತದೆ. ಹಾಗಾಗಿ ಕಾಯಿಸಿದರೆ ಹಿಡಿತ ಸಡಿಲವಾಗುತ್ತದೆ. ತಣ್ಣಗೆ ಹಿಡಿಸಿ, ಬಿಸಿ ಮಾಡಿ ಬಿಡಿಸುವುದು. ಸಿಗುವ ಆಮ್ಲ ತೆಳ್ಳಗೆ, ನೀರು ನೀರಾಗಿರುತ್ತದೆ, ಅದನ್ನು ಹದ ನೋಡಿಕೊಂಡು ಗಟ್ಟಿ ಮಾಡಬೇಕು ಎಂಬುದೊಂದು ಕೊರತೆ. ಆದರೆ ಕಬ್ಬಿನ ಸಿಪ್ಪೆ ಉರಿಸಿ ಹಬೆ ಎಬ್ಬಿಸುವ ಬಾಯ್ಲರ್, ಕಡಿಮೆ ಒತ್ತಡದಲ್ಲಿ ರಸವನ್ನು ಬತ್ತಿಸುವ ಸಾಲು ಪಾತ್ರೆಗಳು ನಮ್ಮ ಸಕ್ಕರೆ ಕಾರ್ಖಾನೆಗಳಲ್ಲಿ ಮೊದಲಿನಿಂದಲೂ ಇವೆ. ಹಂಗಾಮು ಮುಗಿದ ಮೇಲೆ ಅವು ಸುಮ್ಮನೆ ನಿಂತಿರುತ್ತವೆ.