ಕೇಸ್ ಸ್ಟಡಿ ತರಗತಿಯಲ್ಲಿ ಬಾಯಿ ಬಿಡದವರು

ಬ್ರಿಟನ್ನಿನ ಎಂ.ಎಸ್ಸಿ. ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಹೊರದೇಶದವರೇ ಹೆಚ್ಚಿರುವುದು ಅಪರೂಪವಲ್ಲ. ಪಾಠ ಮಾಡುವವರ ದೂರು ಒಂದೇ: “ಇವರು ಮಾತೇ ಆಡಲ್ಲ.” ಶಿಕ್ಷಣತಜ್ಞ ಜಾನ್ ಬಿಗ್ಸ್ ಬೋಧಕರಲ್ಲಿ ಮೂರು ಹಂತ ಗುರುತಿಸುತ್ತಾರೆ. ಕಲಿಕೆ ಆಗದಿದ್ದರೆ ಮೊದಲ ಹಂತದವರು ವಿದ್ಯಾರ್ಥಿಯನ್ನು ದೂರುತ್ತಾರೆ, ಎರಡನೆಯವರು ತಮ್ಮ ಬೋಧನೆ ತಿದ್ದಿಕೊಳ್ಳುತ್ತಾರೆ, ಮೂರನೆಯವರು ವಿದ್ಯಾರ್ಥಿ ಕೂತು ಏನು ಮಾಡುತ್ತಿದ್ದಾನೆ ಎಂದು ನೋಡುತ್ತಾರೆ. ಮೇಲಿನ ದೂರು ಮೊದಲ ಹಂತದ್ದು.

ಒಂದು ಕೇಸ್, ಅಂದರೆ ತರಗತಿಯಲ್ಲಿ ಚರ್ಚೆಗೆ ಕೊಡುವ ಕಂಪನಿಯೊಂದರ ಕಥೆ, ಹಿಡಿದು ನೋಡೋಣ: 1995ರಲ್ಲಿ ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಟೆಸ್ಕೊ ತಂದ ಕ್ಲಬ್‌ಕಾರ್ಡ್. ಖರೀದಿಗೆ ಪಾಯಿಂಟ್ ಕೊಟ್ಟು, ಯಾರು ಏನು ಕೊಳ್ಳುತ್ತಾರೆಂದು ಕಂಪನಿ ತಿಳಿದುಕೊಂಡ ಕಥೆ. ಬ್ರಿಟನ್ನಿನ ಹುಡುಗ ಆ ಕಾರ್ಡನ್ನು ಅಮ್ಮನ ಪರ್ಸಿನಲ್ಲೇ ಕಂಡಿರುತ್ತಾನೆ. ಹಾಸನದಿಂದ ಹೋದವಳಿಗೆ ಟೆಸ್ಕೊ ಎಷ್ಟು ದೊಡ್ಡದು ಅನ್ನುವುದೇ ಗೊತ್ತಿಲ್ಲ. ಇನ್ನೊಬ್ಬ ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಚರ್ಚೆ ಮುಂದೆ ಹೋಗಿರುತ್ತದೆ. ಮತ್ತೊಬ್ಬ ಎಲ್ಲ ಓದಿಕೊಂಡೇ ಬಂದಿದ್ದಾನೆ, ಆದರೆ ಮೇಷ್ಟ್ರು “ಸರಿಯಾದ ಉತ್ತರ” ಹೇಳಲಿ ಎಂದು ಪೆನ್ನು ಹಿಡಿದು ಕಾಯುತ್ತಿದ್ದಾನೆ. ನೋಟ್ಸ್ ಬರೆಸಿಕೊಂಡು ಬಿ.ಕಾಂ. ಮುಗಿಸಿದ ನಮ್ಮಂಥವರಿಗೆ, ಉತ್ತರ ಹೇಳದೆ ತರಗತಿ ಬಿಟ್ಟರೆ ಮೇಷ್ಟ್ರು ಕೈಕೊಟ್ಟ ಹಾಗೇ ಅನ್ನಿಸುತ್ತದೆ. ಒಂದೇ ಮೌನ, ಕಾರಣ ಮೂರು. ಒಂದೇ ಮದ್ದು ಎಲ್ಲಕ್ಕೂ ನಾಟದು.

ಮೊದಲನೆಯದಕ್ಕೆ ಒಂದು ಪುಟದ ಹಿನ್ನೆಲೆಯನ್ನು ವಾರ ಮೊದಲೇ ಕೊಟ್ಟರೆ ಸಾಕು. ಎರಡನೆಯದಕ್ಕೆ, ಪ್ರಶ್ನೆ ಕೇಳಿದ ಮೇಲೆ ಎರಡು ನಿಮಿಷ ಬರೆಯಲು ಬಿಡಿ, ಪಕ್ಕದವರೊಡನೆ ಮಾತಾಡಿಸಿ, ಆಮೇಲೆ ಇಡೀ ತರಗತಿಯನ್ನು ಕೇಳಿ. ಮೂರನೆಯದೇ ಕಷ್ಟ. ಅಂಕ ಬರುವುದು ತೀರ್ಮಾನಕ್ಕಲ್ಲ, ಅದನ್ನು ಸಮರ್ಥಿಸಿಕೊಂಡ ಬಗೆಗೆ ಎಂದು ಬಾಯಿಬಿಟ್ಟು ಹೇಳಬೇಕು, ಒಂದು ಸಲವಲ್ಲ, ಪದೇ ಪದೇ. ನನಗೆ ಹಿಡಿಸುವ ಉಪಾಯ ಇನ್ನೊಂದಿದೆ: “ನಿಮ್ಮೂರಿನ ಅಂಗಡಿಯವರು ಗಿರಾಕಿಯನ್ನು ಹೇಗೆ ಉಳಿಸಿಕೊಳ್ಳುತ್ತಾರೆ?” ಎಂದು ಕೇಳುವುದು. ಶೆಟ್ಟರ ಅಂಗಡಿಯ ಉದ್ರಿ ಪುಸ್ತಕದಲ್ಲೂ ಯಾರು ಏನು ಕೊಂಡರು ಅನ್ನುವ ಲೆಕ್ಕವಿದೆಯಲ್ಲ! ಅಲ್ಲಿಂದ ಹೊರಟರೆ ಹಾಸನದವಳಿಗೆ ಕ್ಲಬ್‌ಕಾರ್ಡ್ ದೂರದ ವಿಷಯವೇನಲ್ಲ.

ಇಲ್ಲಿ ದೇಶದೇಶಗಳ ಸಂಸ್ಕೃತಿಯನ್ನು ಅಂಕಿಗಳಲ್ಲಿ ಅಳೆದ ಡಚ್ ಸಂಶೋಧಕ ಹಾಫ್‌ಸ್ಟೆಡ್ ಅವರನ್ನು ತಂದು ತುರುಕುವವರಿದ್ದಾರೆ. ಅಧಿಕಾರ ಅಂತರದಲ್ಲಿ, ಅಂದರೆ ಮೇಲು-ಕೀಳಿನ ಅಂತರವನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆ ಎಂಬ ಅಳತೆಯಲ್ಲಿ, ಭಾರತಕ್ಕೆ 77, ಬ್ರಿಟನ್ನಿಗೆ 35. ಆದ್ದರಿಂದ ಭಾರತೀಯರು ಗುರುವಿನ ಮುಂದೆ ಮಾತಾಡರು ಎಂಬ ವಾದ. ಈ ಮಾಪನದ ಬುನಾದಿ 1967–73ರ ನಡುವೆ ಐಬಿಎಂ ನೌಕರರಿಂದ ತುಂಬಿಸಿಕೊಂಡ ಪ್ರಶ್ನಾವಳಿಗಳು. ದೇಶದ ಸರಾಸರಿಯನ್ನು ಒಬ್ಬ ವ್ಯಕ್ತಿಯ ಮೇಲೆ ಹೇರಬಾರದೆಂದು ಹಾಫ್‌ಸ್ಟೆಡ್ ಅವರೇ ಎಚ್ಚರಿಸಿದ್ದರು. ಎಲ್ಲಾದರೂ ಈ ಅಂಕಿಗಳನ್ನು ಬರೆದರೆ ಆ ಎಚ್ಚರಿಕೆಯನ್ನೂ ಬರೆಯಿರಿ.

ಅಂಕದ ವಿಷಯ ಬೇರೆಯೇ. ಬ್ರಿಟನ್ನಿನ ಸ್ನಾತಕೋತ್ತರದಲ್ಲಿ ಸಾಮಾನ್ಯವಾಗಿ ನೂರಕ್ಕೆ 50 ಬಂದರೆ ಪಾಸು, 60ಕ್ಕೆ ಮೆರಿಟ್, 70ಕ್ಕೆ ಡಿಸ್ಟಿಂಕ್ಷನ್. ಊರಲ್ಲಿ 85 ತೆಗೆದವರು 62 ನೋಡಿ ಮನೆಗೆ ಫೋನ್ ಮಾಡಲೂ ಹೆದರುತ್ತಾರೆ. ಮೊದಲ ವಾರವೇ 55ರ ಉತ್ತರ ಒಂದು, 72ರದು ಒಂದು ಕೈಗೆ ಕೊಟ್ಟು, ವ್ಯತ್ಯಾಸವನ್ನು ಅವರಿಂದಲೇ ಹುಡುಕಿಸಬೇಕು. ಬಿಗ್ಸ್ ಅವರ ಮೂರನೆಯ ಹಂತಕ್ಕೆ ಉದಾಹರಣೆ ಕೇಳಿದರೆ ನಾನು ಇದನ್ನೇ ಕೊಡುತ್ತೇನೆ.