ಕೆಮ್ಮಣ್ಣಿಗೆ ಚುಚ್ಚಿದ ಸೆನ್ಸರ್ ಕೊಡುವ ಸಂಖ್ಯೆ

ಬೇಸಿಗೆ ರಜೆಯಲ್ಲಿ ಸಂಶೋಧನಾ ತರಬೇತಿಗೆ ಸೇರುವ ಬಿ.ಇ., ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಕೋಲಾರದಲ್ಲಿ ವಿಷಯ ಹುಡುಕುವ ಕಷ್ಟವಿಲ್ಲ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಟೊಮೆಟೊ ತೋಟಕ್ಕೆ ಬೋರ್‌ವೆಲ್ ನೀರೇ ಗತಿ, ಅದೂ ಡ್ರಿಪ್ಪಿನಲ್ಲಿ. ಮೋಟಾರು ಯಾವಾಗ ಹಾಕಬೇಕು, ಎಷ್ಟು ಹೊತ್ತು ಬಿಡಬೇಕು ಎಂದು ತಿಳಿಯಲು ಮಣ್ಣಿನ ತೇವ ಅಳೆಯಬೇಕು.

ತೀರಾ ಅಗ್ಗದ ಸೆನ್ಸರು ಎರಡು ಲೋಹದ ಕಡ್ಡಿಗಳ ನಡುವೆ ಕರೆಂಟು ಹರಿಸಿ ಮಣ್ಣಿನ ರೋಧ ನೋಡುತ್ತದೆ. ನಮ್ಮ ತೋಟಗಳಿಗೆ ಅದು ಬೇಡವೆಂದೇ ನಾನು ಹೇಳುವುದು. ಡ್ರಿಪ್ ನೀರಿನ ಜೊತೆ ಗೊಬ್ಬರವನ್ನೂ ಬಿಡುತ್ತೇವಲ್ಲ, ಆ ಲವಣದಿಂದ ಕರೆಂಟು ಸಲೀಸಾಗಿ ಹರಿದು, ಮಣ್ಣು ಇರುವುದಕ್ಕಿಂತ ಹೆಚ್ಚು ಒದ್ದೆಯಾಗಿ ಕಾಣುತ್ತದೆ. ಕಡ್ಡಿಯೂ ಬೇಗ ತಿಂದುಹೋಗುತ್ತದೆ. ಕೆಪ್ಯಾಸಿಟರ್ ಬಗೆಯದು ವಾಸಿ, ಚಾರ್ಜ್ ಹಿಡಿದಿಡಲು ಮಣ್ಣು ಎಷ್ಟು ನೆರವಾಗುತ್ತದೆ ಎಂದು ಅದು ನೋಡುತ್ತದೆ. ಆ ಗುಣದ ಅಳತೆಯೇ ಡೈಎಲೆಕ್ಟ್ರಿಕ್ ಸ್ಥಿರಾಂಕ: ನೀರಿನದು ಸುಮಾರು 80, ಒಣಮಣ್ಣಿನದು 3ರಿಂದ 5. ಇಷ್ಟು ಅಂತರವಿರುವುದರಿಂದ ಮಣ್ಣಿಗೆ ಸ್ವಲ್ಪ ನೀರು ಸೇರಿದರೂ ಸೆನ್ಸರಿಗೆ ಗೊತ್ತಾಗುತ್ತದೆ.

ಆದರೆ ಅದು ಕೊಡುವುದು ತೇವಾಂಶವನ್ನಲ್ಲ, ವೋಲ್ಟೇಜನ್ನು. 10 ಬಿಟ್‌ನ ಪರಿವರ್ತಕ ಅದನ್ನು 0ರಿಂದ 1023ರೊಳಗಿನ ಒಂದು ಸಂಖ್ಯೆ ಮಾಡುತ್ತದೆ. 514 ಎಂದು ಬಂತು ಅನ್ನಿ, ಒದ್ದೆಯೋ ಒಣಗಿದೆಯೋ? ತರಬೇತಿಯ ತಿರುಳೇ ಇಲ್ಲಿದೆ. ತೋಟದ ಮಣ್ಣನ್ನು ಅಲ್ಲಿದ್ದಷ್ಟೇ ಬಿಗಿಯಾಗಿ ಡಬ್ಬಕ್ಕೆ ತುಂಬಿ, ಸೆನ್ಸರು ಚುಚ್ಚಿ ಸಂಖ್ಯೆ ಬರೆದುಕೊಂಡು, ಅದೇ ಮಣ್ಣನ್ನು ತೂಗಿ, ಓವನ್ನಿನಲ್ಲಿ 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಬೇಕು. 120 ಗ್ರಾಂ ಮಣ್ಣು 100 ಗ್ರಾಂಗೆ ಇಳಿದರೆ ಒಣಮಣ್ಣಿನ ತೂಕದ ಲೆಕ್ಕದಲ್ಲಿ ತೇವಾಂಶ ಶೇ 20. ಬೇರೆ ಬೇರೆ ತೇವದಲ್ಲಿ ಹೀಗೆ ಮಾಡಿ ಗ್ರಾಫ್ ಎಳೆದ ಮೇಲೆ ಆ 514ಕ್ಕೆ ಅರ್ಥ ಬರುತ್ತದೆ. ಕೆರೆಗೋಡು ಹೊಡೆಸಿದ ಪಕ್ಕದ ಹೊಲಕ್ಕೆ ಈ ಗ್ರಾಫ್ ನಡೆಯದು. ಅಲ್ಲಿ ಜೇಡಿ ಹೆಚ್ಚು.

ಇನ್ನು ಡೇಟಾ. ಮೋಟಾರು ಸ್ಟಾರ್ಟ್ ಆದಾಗ ಒಂದು ರೀಡಿಂಗ್ ಎಗರುತ್ತದೆ: 512, 515, 980, 511, 514. ಸರಾಸರಿ ತೆಗೆದರೆ 606, ಮಣ್ಣಿಗೆ ಸಂಬಂಧವೇ ಇಲ್ಲದ ಸಂಖ್ಯೆ. ಏರಿಕೆ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ಆರಿಸಿದರೆ 514.

ಗದ್ದಲದಿಂದ ಸಂಕೇತವನ್ನು ಹೆಕ್ಕುವ ಕೆಲಸ ಇದೇ ಜಿಲ್ಲೆಗೆ ಹೊಸದೇನಲ್ಲ. 1965ರಲ್ಲಿ ಕೆಜಿಎಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ವಿಜ್ಞಾನಿಗಳು ಜಪಾನ್, ಬ್ರಿಟನ್ನಿನವರ ಜೊತೆ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ, ಅಂದರೆ ಬಂಡೆಯನ್ನೂ ತೂರಿ ಸಾಗುವ ಸೂಕ್ಷ್ಮ ಕಣಗಳ, ಸುಳಿವು ಹಿಡಿದರು. ಮೇಲಿಂದ ಸುರಿಯುವ ಮ್ಯೂಆನ್ ಎಂಬ ಬೇರೆ ಕಣಗಳನ್ನು ಸೋಸಲು ಅವರಿಗೆ ಬಂಡೆಯೇ ಫಿಲ್ಟರ್.

ತರಬೇತಿಯ ವೇಳಾಪಟ್ಟಿಯ ಬಗ್ಗೆ ನನ್ನದೊಂದು ತಕರಾರಿದೆ. ಕೋಲಾರಕ್ಕೆ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಹುಡುಗರು ಕಾಲೇಜಿಗೆ ಮರಳಿರುತ್ತಾರೆ, ಗ್ರಾಫಿನ ಒದ್ದೆ ತುದಿಗೆ ಹೊಲದ ಡೇಟಾ ಇರುವುದೇ ಇಲ್ಲ. ಸೆನ್ಸರನ್ನು ಅಲ್ಲೇ ಬಿಟ್ಟು, ದಸರಾ ರಜೆಗೆ ಬಂದಾಗ ಮೆಮೊರಿ ಕಾರ್ಡ್ ತೆಗೆದು ನೋಡುವ ಏರ್ಪಾಡು ಮಾಡಿದರೆ ಹೆಚ್ಚಿನ ಖರ್ಚೇನೂ ಬೀಳದು.